ಎಣ್ಣೆ ಕಾಣದ ತಲೆ

ಬೆಳಗೋಡಿನ ಬಸ್‌ಸ್ಟಾಪಿನಲ್ಲಿ ನಿಂತು ಮೊಡೆಸ್ಟಾ ಯಾರು ಎಂದು ಕೇಳಿದರೆ ಜನ ಮೊದಲು ಹೇಳುವುದು ಅವಳ ತಲೆಯ ವಿಚಾರ. ‘ಅದೇ, ತೆಂಗಿನ ನಾರಿನ ತಲೆ ಬಾಯಮ್ಮ’ ಎನ್ನುತ್ತಾರೆ. ಸುಳ್ಳೇನೂ ಅಲ್ಲ. ಉಳ್ಳಾಲದ ಕಡಲ ದಂಡೆಯಲ್ಲಿ ಹುಟ್ಟಿ ತೆಂಗಿನೆಣ್ಣೆಯಲ್ಲೇ ಮಿಂದು ಬೆಳೆದ ಹೆಂಗಸು, ಇಪ್ಪತ್ತೊಂದು ವರ್ಷ ತಲೆಗೆ ಒಂದು ತೊಟ್ಟು ಎಣ್ಣೆ ಹಚ್ಚಲಿಲ್ಲ. ಚರ್ಚಿನಲ್ಲಿ ಹಿಂದಿನ ಬೆಂಚಿನ ಹೆಂಗಸರು ಮೊದಲು ಏನೋ ಹರಕೆ ಇರಬೇಕು ಅಂದುಕೊಂಡರು. ವರ್ಷಗಳು ಕಳೆದರೂ ಹರಕೆ ತೀರದಿದ್ದಾಗ ಜಿಪುಣತನ ಎಂದು ತೀರ್ಮಾನಿಸಿದರು. ಮಗಳು ಡೆಲ್ಸಿ ಶಾಲೆಗೆ ಹೋಗುವಾಗ ಅವಳಿಗೂ ಎಣ್ಣೆ ಇರಲಿಲ್ಲ. ಒಂದೇ ದಿಂಬಿನಲ್ಲಿ ಮಲಗುವ ತಾಯಿ ಮಗಳು, ಮಗಳ ತಲೆಯ ಎಣ್ಣೆ ತಾಯಿಯ ತಲೆಗೆ ಅಂಟುತ್ತದೆ ಎಂಬ ಭಯ. ಇದು ಹರಕೆಯೂ ಅಲ್ಲ, ಜಿಪುಣತನವೂ ಅಲ್ಲ. ಅವಳ ಕೆಲಸ ಅಂಥದು.

ಊರಿನಿಂದ ಒಂದು ಮೈಲಿ ಆಚೆ, ಹಳೆಯ ಕಾಫಿ ಗೋಡೌನಿನಲ್ಲಿ ಮಹಾದೇವಯ್ಯನವರ ಫೈಬರ್ ಶೆಡ್ಡಿದೆ. ನೀರಿನ ತೊಟ್ಟಿ, ಬಚ್ಚಲುಮನೆಯ ಬಾಗಿಲು, ಜೀಪಿನ ಟಾಪು, ಹೋಂಸ್ಟೇಯವರ ಜಾರುಬಂಡೆ, ಎಲ್ಲ ಅಲ್ಲಿ ಆಗುತ್ತವೆ. ನೋಡುವವರಿಗೆ ಫೈಬರ್ ಕೆಲಸ ಎಂದರೆ ಅಂಟು, ಗಬ್ಬು, ಮೈಗೆ ಚುಚ್ಚುವ ಗಾಜಿನ ಎಳೆ. ಆದರೆ ಅದರ ಗುಟ್ಟು ಬೇರೆ. ಅಲ್ಲಿ ಕೆಲಸ ನಡೆಯುವುದು ತಿರುವುಮುರುವಾಗಿ. ಮೊದಲು ಅಚ್ಚಿನ ಮೈಗೆ ಮೇಣ ತಿಕ್ಕಬೇಕು. ಮೇಣದ ಮೇಲೆ ಬಣ್ಣದ ಜೆಲ್‌ಕೋಟ್ ಹೊಡೆಯಬೇಕು. ಅದು ಬೆರಳಿಗೆ ಅಂಟಿದರೂ ಬಣ್ಣ ಬಿಡದಷ್ಟು ಗಟ್ಟಿಯಾದಾಗ ಗಾಜಿನ ಎಳೆಯ ಮ್ಯಾಟ್ ಹಾಸಿ ರೆಸಿನ್ ಎಂಬ ಅಂಟು ಕುಡಿಸಿ, ರೋಲರ್ ಉರುಳಿಸಿ ಒಳಗಿನ ಗಾಳಿ ಹೊರಡಿಸಬೇಕು. ಎಲ್ಲ ಒಣಗಿ ಅಚ್ಚಿನಿಂದ ಕಳಚಿದಾಗ ಮೊಟ್ಟಮೊದಲು ಹೊಡೆದ ಆ ತೆಳು ಪದರವೇ ಹೊಳೆಯುವ ಹೊರಮೈ. ಜನ ನಾಳೆ ಕಣ್ಣಾರೆ ನೋಡುವ ಮೈಯನ್ನು ಇವತ್ತು ಯಾರೂ ನೋಡಲಾಗದ ಕಡೆಯಿಂದ ಮಾಡಬೇಕು. ಆ ಮೊದಲ ಪದರ ಮೊಡೆಸ್ಟಾಳದು.

ಅದು ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಫೈಬರ್ ದೋಣಿ ಕಟ್ಟುತ್ತಿದ್ದ. ಹೊರಮೈಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಉಪ್ಪುನೀರು ಒಳಗಿಳಿದು ಮೂರನೇ ವರ್ಷಕ್ಕೆ ಬೊಬ್ಬೆ ಏಳುತ್ತದೆ, ದೋಣಿ ಒಳಗಿಂದೊಳಗೇ ಕೊಳೆಯುತ್ತದೆ. ಹಾಗಾಗಿ ಆ ಮನುಷ್ಯ ಕೆಟ್ಟಮೇಲೆ ತಿದ್ದುವುದನ್ನು ಮಗಳಿಗೆ ಕಲಿಸಲೇ ಇಲ್ಲ, ಕೆಡದ ಹಾಗೆ ನೋಡಿಕೊಳ್ಳುವುದನ್ನಷ್ಟೇ ಕಲಿಸಿದ. ಜೆಲ್‌ಕೋಟ್ ಒಂದೇ ಸಲ ದಪ್ಪ ಹೊಡೆದರೆ ಗಾಳಿ ಸಿಕ್ಕಿ ಸೂಜಿತೂತು ಬೀಳುತ್ತದೆ. ತೀರ ತೆಳುವಾದರೆ, ಅಥವಾ ಚಳಿಯಲ್ಲಿ ಅರೆಬರೆ ಗಟ್ಟಿಯಾದಾಗಲೇ ರೆಸಿನ್ ಸುರಿದರೆ, ಮುದುಕಿಯ ಕೈ ಹಾಗೆ ಸುಕ್ಕಾಗುತ್ತದೆ. ಕಂಪ್ರೆಸರಿನಲ್ಲಿ ಸೇರಿದ ನೀರನ್ನು ಬೆಳಿಗ್ಗೆ ಹೊರಗೆ ಬಿಡದಿದ್ದರೆ ಗಾಳಿಯ ಜೊತೆ ಹನಿ ಬಂದು ಕಲೆ ಕೂರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೀನ್ಕಣ್ಣು. ಅಚ್ಚಿನ ಮೇಲೆ ಎಲ್ಲೋ ಒಂದು ಕಡೆ ಎಣ್ಣೆ ಪಸೆ ಇದ್ದರೆ ಜೆಲ್‌ಕೋಟ್ ಆ ಜಾಗದಿಂದ ಹಿಂದೆ ಸರಿದು ದುಂಡಗೆ ಕಣ್ಣು ಬಿಟ್ಟುಕೊಳ್ಳುತ್ತದೆ. ಉದುರಿದ ಒಂದು ಕೂದಲಿನ ಎಣ್ಣೆ ಸಾಕು.

ಗಂಡ ಆಂಥೋನಿ ಹೊಂಗಡಹಳ್ಳದ ಹತ್ತಿರದ ಎಸ್ಟೇಟಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಡೆಲ್ಸಿಗೆ ಐದು ವರ್ಷವಾಗಿದ್ದಾಗ ತೀರಿಕೊಂಡ. ಎಸ್ಟೇಟಿನವರು ಕೊಟ್ಟಿದ್ದ ಲೈನ್ ಮನೆ ಖಾಲಿ ಮಾಡಬೇಕಾಗಿ ಬಂದಾಗ ಮೊಡೆಸ್ಟಾ ಮಗಳನ್ನು ಕಟ್ಟಿಕೊಂಡು ಬೆಳಗೋಡಿಗೆ ಬಂದಳು. ಮಹಾದೇವಯ್ಯ ಕಾಳುಮೆಣಸಿನ ವ್ಯಾಪಾರ ಮಾಡಿಕೊಂಡಿದ್ದವರು, ಯಾರದೋ ಮಾತು ಕೇಳಿ ಹೊಸದಾಗಿ ಫೈಬರ್ ಶೆಡ್ ಹಾಕಿ ಕೈಸುಟ್ಟುಕೊಂಡು ಕೂತಿದ್ದರು. ಮಾಡಿದ ಬಾಗಿಲೆಲ್ಲ ಸಿಡುಬಿನ ಮುಖ. ಮೊಡೆಸ್ಟಾ ಬಂದ ದಿನವೇ ಗೋಡೌನಿನ ಒಳಗೆ ಒಂದು ಕೋಣೆ ಕಟ್ಟಿಸಿಕೊಡಿ ಎಂದಳು. ಧೂಳು ಬರಬಾರದು, ಮಂಜು ಬರಬಾರದು, ಚಳಿಗಾಲಕ್ಕೂ ಮಳೆಗಾಲಕ್ಕೂ ಬಿಸಿಗೆಂದು ನಾಲ್ಕು ದೊಡ್ಡ ಬಲ್ಬು ಉರಿಯಬೇಕು, ತಲೆಗೆ ಎಣ್ಣೆ ಹಚ್ಚಿದವರು ಹೊಸಿಲು ದಾಟಬಾರದು. ಮಹಾದೇವಯ್ಯ ಆಕೆಯನ್ನು ಮೇಲಿಂದ ಕೆಳಗೆ ನೋಡಿ, ಕೋಣೆ ಕಟ್ಟಿಸಿ, ಬೀಗ ಹಾಕಿ, ಬೀಗದ ಕೈ ಅವಳ ಅಂಗೈಯಲ್ಲಿ ಇಟ್ಟರು.

‘ಈ ಬಾಗಲ ಒಳಗೆ ನಿನ್ನ ಮಾತೇ ಮಾತು ಬಾಯಮ್ಮ. ನಾನೇ ಬಂದ್ರೂ ನಿಲ್ಸು’ ಎಂದರು.

ಆ ಬೀಗದ ಕೈ ಅವಳ ಬದುಕಿನಲ್ಲಿ ಸಿಕ್ಕ ಒಂದೇ ಒಂದು ಅಧಿಕಾರ. ಕಪ್ಪು ದಾರಕ್ಕೆ ಪೋಣಿಸಿ, ಶಿಲುಬೆಯ ಸರದ ಜೊತೆಗೇ ಕೊರಳಿಗೆ ಹಾಕಿಕೊಂಡಳು. ಶಿಲುಬೆ ಕಾಣುತ್ತಿತ್ತು, ಬೀಗದ ಕೈ ಸೀರೆಯ ಒಳಗಿರುತ್ತಿತ್ತು. ಅವಳು ಯಾರೊಂದಿಗೂ ಜಗಳಕ್ಕೆ ನಿಂತವಳಲ್ಲ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಯಾರಾದರೂ ಮುಂದೆ ನುಗ್ಗಿದರೂ ಸುಮ್ಮನಿರುವವಳು. ಆ ಹೊಸಿಲಿನಲ್ಲಿ ಮಾತ್ರ ಬೇರೆಯೇ ಹೆಂಗಸಾಗುತ್ತಿದ್ದಳು. ಮಂಜು ಕವಿದ ಬೆಳಿಗ್ಗೆ ಎಷ್ಟು ಅವಸರದ ಆರ್ಡರ್ ಇದ್ದರೂ ಜೆಲ್‌ಕೋಟ್ ಹೊಡೆಯುವ ಗನ್ನು ಹಿಡಿಯುತ್ತಿರಲಿಲ್ಲ. ಹನ್ನೊಂದಕ್ಕೆ ಗೋಡೆಯ ಹಸಿ ಆರಿದ ಮೇಲೆಯೇ ಕೆಲಸ. ಅವಳ ಕೈಯಿಂದ ಹೊರಬಿದ್ದ ಬಾಗಿಲಿನಲ್ಲಿ ಮುಖ ನೋಡಿಕೊಂಡು ಹಣೆಗೆ ಕುಂಕುಮ ಇಟ್ಟುಕೊಳ್ಳಬಹುದು ಎಂದು ಮಹಾದೇವಯ್ಯ ಬಂದವರಿಗೆಲ್ಲ ಹೇಳುತ್ತಿದ್ದರು.

ಕುಂಕುಮದ ಮಾತು ಬಂತಲ್ಲ, ಅದರದೂ ಒಂದು ಒಪ್ಪಂದವಿತ್ತು. ಆಯುಧಪೂಜೆಗೆ ಶೆಡ್ಡಿನ ಎಲ್ಲ ಸಾಮಾನಿಗೂ ಪೂಜೆ ಆಗಬೇಕು, ಅಚ್ಚುಗಳಿಗೂ ಆಗಬೇಕು. ಮೊದಲ ವರ್ಷ ಮಹಾದೇವಯ್ಯ ಒದ್ದೆ ಬೆರಳಲ್ಲಿ ವಿಭೂತಿ ಹಿಡಿದು ಅಚ್ಚಿನ ಮುಂದೆ ನಿಂತಾಗ ಮೊಡೆಸ್ಟಾ ಅಂಗಲಾಚಿದಳು: ಮೈಗೆ ಬೇಡ, ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಹಚ್ಚಿ. ಅವರು ಒಂದು ಗಳಿಗೆ ಯೋಚಿಸಿ, ದೇವರ ಕಾಲಿಗಲ್ಲವೇ ನಾವು ನಮಸ್ಕಾರ ಮಾಡುವುದು ಎಂದು ನಕ್ಕು ಚೌಕಟ್ಟಿಗೇ ಹಚ್ಚಿದರು. ಅಂದಿನಿಂದ ಪ್ರತಿ ವರ್ಷ ಹಬ್ಬದ ಹಿಂದಿನ ಸಂಜೆ ಅವಳು ಬೀಗದ ಕೈ ಕೊರಳಿಂದ ತೆಗೆದು ಅವರಿಗೆ ಕೊಡುವುದು, ಹಬ್ಬ ಕಳೆದ ಬೆಳಿಗ್ಗೆ ಅವರು ಒಂದು ಎಲೆ ಪ್ರಸಾದದ ಜೊತೆ ಅದನ್ನು ಹಿಂದಿರುಗಿಸುವುದು, ಅಚ್ಚಿನ ಮೈ ಮುಟ್ಟದೆ ಉಳಿಯುವುದು. ಇಪ್ಪತ್ತು ಆಯುಧಪೂಜೆ ಹೀಗೇ ಕಳೆದವು.

ಇಪ್ಪತ್ತೊಂದನೆಯದಕ್ಕೆ ಮಹಾದೇವಯ್ಯನ ಮಂಡಿ ಕೈಕೊಟ್ಟಿತ್ತು. ಶೆಡ್ಡಿನ ಹೊಣೆ ಅವರ ತಂಗಿಯ ಮಗ ನವೀನ್‌ಕುಮಾರನಿಗೆ ಹೋಗಿ ವರ್ಷವಾಗಿತ್ತು. ಹಾಸನದ ಕಾರ್ ಶೋರೂಮಿನಲ್ಲಿ ಏಳು ವರ್ಷ ಇದ್ದು ಬಂದವನು, ಇಸ್ತ್ರಿ ಅಂಗಿ, ಮೈಗೆ ಸೆಂಟು. ಬಂದ ಮೊದಲ ವಾರವೇ ಒಳಕೋಣೆ ನೋಡಲು ಹೊರಟವನನ್ನು ಮೊಡೆಸ್ಟಾ ಹೊಸಿಲಿನಲ್ಲಿ ತಡೆದು, ಸೆಂಟು ಹೊಡೆದುಕೊಂಡು ಒಳಗೆ ಬರಬಾರದು ಸಾರ್ ಎಂದಿದ್ದಳು. ನಾಲ್ಕು ಜನ ಕೆಲಸಗಾರರು ನೋಡುತ್ತಿದ್ದರು. ನವೀನ್‌ಕುಮಾರ್ ನಗುತ್ತಲೇ ಹಿಂದೆ ಸರಿದ. ಅವನು ಅದನ್ನು ಮರೆತಿರಲಿಲ್ಲ ಎಂದು ಅವಳಿಗೆ ತಿಳಿಯಲು ಬಹಳ ದಿನ ಬೇಕಾಯಿತು. ಕೋಣೆಯ ಒಳಗಿನ ಸೂಕ್ಷ್ಮವೆಲ್ಲ ಕಾಣುತ್ತಿದ್ದ ಅವಳ ಕಣ್ಣಿಗೆ ಹೊರಗಿನದು ಅಷ್ಟಾಗಿ ಕಾಣುತ್ತಿರಲಿಲ್ಲ.

ಆ ವರ್ಷ ಬಿಸ್ಲೆ ದಾರಿಯಲ್ಲಿ ಹೊಂಗಡಹಳ್ಳದಿಂದ ಆಚೆ ಏಳುತ್ತಿದ್ದ ರೆಸಾರ್ಟೊಂದು ಇಪ್ಪತ್ನಾಲ್ಕು ಸ್ನಾನದ ಟಬ್ ಕೇಳಿತ್ತು. ಕ್ರಿಸ್‌ಮಸ್ ಒಳಗೆ ಬೇಕು, ಕಪ್ಪು ಬಣ್ಣವೇ ಬೇಕು. ಬಿಳಿ ಬಣ್ಣ ಹತ್ತು ತಪ್ಪು ಮುಚ್ಚಿಕೊಳ್ಳುತ್ತದೆ, ಕಪ್ಪು ಒಂದನ್ನೂ ಮುಚ್ಚುವುದಿಲ್ಲ. ಮೊಡೆಸ್ಟಾ ಹತ್ತು ದಿನ ಕೂತು ಹೊಸ ಅಚ್ಚಿನ ಮೈ ತಿಕ್ಕಿ, ಏಳು ಸುತ್ತು ಮೇಣ ಹಾಕಿ, ಒಂದೊಂದು ಸುತ್ತಿಗೂ ಕಾದು ಒರೆಸಿ ಸಿದ್ಧಮಾಡಿದಳು. ಹಬ್ಬದ ಹಿಂದಿನ ಸಂಜೆ ಬೀಗದ ಕೈಯನ್ನು ನವೀನ್‌ಕುಮಾರನಿಗೆ ಕೊಟ್ಟು, ಕುಂಕುಮ ಚೌಕಟ್ಟಿಗೆ ಎಂದು ಎರಡು ಸಲ ಹೇಳಿ, ಚರ್ಚಿನಲ್ಲಿ ಆಂಥೋನಿಯ ವರ್ಷದ ಪೂಜೆಗೆಂದು ಹೊರಟುಹೋದಳು.

ರಜೆ ಮುಗಿಸಿ ಬಂದು, ಬೀಗದ ಕೈ ವಾಪಸು ಪಡೆದು ಮೊದಲ ಟಬ್ ಹೊಡೆದಳು. ಮಾರನೇ ದಿನ ಅಚ್ಚಿನಿಂದ ಕಳಚಿದಾಗ ಅದರ ಕಪ್ಪು ಮೈ ತುಂಬ ಮೀನ್ಕಣ್ಣು. ಒಂದೆರಡಲ್ಲ, ನೂರಾರು. ಅವಳ ಕೈಯಲ್ಲಿ ಇಪ್ಪತ್ತೊಂದು ವರ್ಷದಲ್ಲಿ ಹೀಗಾಗಿರಲಿಲ್ಲ. ಟಬ್ಬಿನ ಅಂಚು ಹಿಡಿದು ಕೂತೇಬಿಟ್ಟಳು. ಎರಡನೆಯದೂ ಹಾಗೇ ಬಂತು.

ನವೀನ್‌ಕುಮಾರ್ ಎಲ್ಲರನ್ನೂ ಕರೆದು ಸಾಲಾಗಿ ನಿಲ್ಲಿಸಿದ. ಯಾರ ತಪ್ಪಿನಿಂದ ಇದಾಯಿತೋ ಅವರು ಅವತ್ತೇ ಮನೆಗೆ ಹೋಗಬೇಕಾಗುತ್ತದೆ ಎಂದ. ಕೈ ಚಾಚಿ ಎಂದು ಒಬ್ಬೊಬ್ಬರದೇ ನೋಡುತ್ತ ಬಂದು ಮೊಡೆಸ್ಟಾಳ ಎದುರು ನಿಂತು, ಕೈ ಬಿಟ್ಟು ತಲೆ ನೋಡಿದ. ಮಂಗಳೂರು ಕಡೆಯವರಿಗೆ ಎಣ್ಣೆ ಇಲ್ಲದೆ ಆಗುವುದಿಲ್ಲ, ಅಲ್ಲವೇ ಎಂದ. ಅವಳಿಗೆ ತಮಾಷೆ ಮಾಡುತ್ತಿದ್ದಾನೆ ಅನ್ನಿಸಿತು. ಅವನು ಜೇಬಿನಿಂದ ಒಂದು ಶಾಂಪೂ ಪ್ಯಾಕೆಟ್ ತೆಗೆದು ಕೊಟ್ಟಾಗ ತಮಾಷೆಯಲ್ಲ ಎಂದು ಗೊತ್ತಾಯಿತು.

ಅವಳು ಕೈ ಕೊಡವಿಕೊಂಡು ಹೊರಟುಹೋಗಬಹುದಿತ್ತು. ಹೋಗಲಿಲ್ಲ. ಕೆಲಸದಲ್ಲಿ ಅನುಮಾನ ಬಂದರೆ ಒಂದೊಂದನ್ನೇ ತೊಳೆದು ನೋಡಿ ತೆಗೆದುಹಾಕಬೇಕು ಎಂಬುದು ಅಪ್ಪನ ಪಾಠ. ತನ್ನ ತಲೆಯನ್ನೂ ಆ ಲೆಕ್ಕಕ್ಕೇ ಸೇರಿಸಿದಳು. ಶೆಡ್ಡಿನ ಮುಂದಿನ ನಲ್ಲಿಯಲ್ಲಿ, ಐವತ್ನಾಲ್ಕು ವರ್ಷದ ಹೆಂಗಸು, ಗಂಡಸರ ಎದುರಿಗೆ ಬಗ್ಗಿ ಕೂತು ಎಣ್ಣೆ ಕಾಣದ ತಲೆಯನ್ನು ಮೂರು ಸಲ ತೊಳೆದಳು. ಅಕ್ಟೋಬರಿನ ನೀರು ಕೊರೆಯುತ್ತಿತ್ತು. ಗಾಜಿನ ಮ್ಯಾಟ್ ಹಾಸುವ ಕುಮಾರ್ ಮಾತ್ರ ಆ ಕಡೆ ನೋಡಲಾರದೆ ಗೋಡೆಯತ್ತ ತಿರುಗಿ ನಿಂತಿದ್ದ. ಅವನಾದರೂ ಮನುಷ್ಯ ಎಂದುಕೊಂಡಳು ಮೊಡೆಸ್ಟಾ.

ತಲೆಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಹೊಡೆದ ಮೂರನೇ ಟಬ್ಬಿಗೂ ಮೀನ್ಕಣ್ಣು ಬಂತು. ಎಣ್ಣೆ ಬೇರಿಗಿಳಿದಿರುತ್ತದೆ ಬಿಡಿ ಎಂದು ನವೀನ್‌ಕುಮಾರ್ ಹೊರಟುಹೋದ.

ಆಮೇಲೆ ಅವಳು ತನ್ನ ದಾರಿ ಹಿಡಿದಳು. ಕಂಪ್ರೆಸರಿನ ಗಾಳಿಯನ್ನು ಕನ್ನಡಿಯ ಮೇಲೆ ಬಿಟ್ಟು ನೋಡಿದಳು, ಪಸೆಯಿಲ್ಲ. ಜೆಲ್‌ಕೋಟಿನ ಹೊಸ ಡಬ್ಬಿ ಒಡೆದಳು. ಕಿಟಕಿಯ ಗಾಜೊಂದನ್ನು ತೊಳೆದು ಒಣಗಿಸಿ ಅದರ ಮೇಲೆ ಅದೇ ಗನ್ನಿನಲ್ಲಿ, ಅದೇ ಕೈಯಲ್ಲಿ ಹೊಡೆದಳು. ಗಾಜಿನ ಮೇಲೆ ಒಂದು ಕಣ್ಣೂ ಇಲ್ಲದೆ ಪದರ ನೀಟಾಗಿ ಕೂತಿತು. ಹಾಗಾದರೆ ಗಾಳಿಯಲ್ಲಿಲ್ಲ, ಡಬ್ಬಿಯಲ್ಲಿಲ್ಲ, ತನ್ನ ತಲೆಯಲ್ಲೂ ಇಲ್ಲ, ಇರುವುದು ಅಚ್ಚಿನಲ್ಲಿ. ಅಚ್ಚಿನ ಹತ್ತಿರ ಮೂಗು ಒಯ್ದಳು. ಮೇಣದ ವಾಸನೆಯ ಕೆಳಗೆ ಇನ್ನೊಂದು ವಾಸನೆ, ನಿಂಬೆಹಣ್ಣಿನ ಮಿಠಾಯಿಯಂಥದು. ಶೆಡ್ಡಿನ ಮುಂದೆ ನಿಂತ ನವೀನ್‌ಕುಮಾರನ ಹೊಸ ಜೀಪಿನ ಬಾಗಿಲು ತೆರೆದಾಗಲೆಲ್ಲ ಬರುವ ವಾಸನೆ ಅದು.

ಹಿಂದುಗಡೆ ರೋಲರ್ ತೊಳೆಯುತ್ತಿದ್ದ ಕುಮಾರನ ಬಳಿ ಹೋಗಿ, ಪೂಜೆಯ ದಿನ ಅಚ್ಚು ಒರೆಸಿದ್ದು ಯಾರು ಎಂದು ಕೇಳಿದಳು. ಕುಮಾರ್ ರೋಲರ್ ಕೆಳಗಿಟ್ಟ.

‘ನಾನೇ ಕಣಕ್ಕ. ಗಾಡಿಗೆ ಹೊಡೆದಿದ್ದ ಸ್ಪ್ರೇ ಮಿಕ್ಕಿತ್ತು. ದೇವ್ರ ಮುಂದೆ ಅಚ್ಚೂ ಹೊಳೀಲಿ ಅಂತ ಒರ್ಸ್ಬುಟ್ಟೆ’ ಎಂದ.

ಭಕ್ತಿಯಿಂದ ಆದ ಅನಾಹುತ. ಹಬ್ಬಕ್ಕೆ ಎಲ್ಲರ ಮನೆಯ ಗಾಡಿಯೂ ಮಿಂಚುವಾಗ, ಅನ್ನ ಕೊಡುವ ಅಚ್ಚು ಯಾಕೆ ಮಂಕಾಗಿರಬೇಕು ಎಂದು ಒಬ್ಬ ಬಡವನಿಗೆ ಅನ್ನಿಸಿದ್ದರೆ ಬಯ್ಯುವುದು ಹೇಗೆ? ಆ ಸ್ಪ್ರೇಯಲ್ಲಿರುವ ಸಿಲಿಕೋನ್ ಎಂಬುದು ಎಣ್ಣೆಗಿಂತ ಹತ್ತುಪಟ್ಟು ಹಟಮಾರಿ, ಒರೆಸಿದಷ್ಟೂ ಹರಡುತ್ತದೆ ಎಂದು ಅವನಿಗೇನು ಗೊತ್ತು? ಅವನ ಹೆಂಡತಿ ಸ್ನೇಹಾಳಿಗೆ ಆಗ ಏಳನೇ ತಿಂಗಳು. ತಪ್ಪು ಮಾಡಿದವರು ಅವತ್ತೇ ಮನೆಗೆ ಎಂಬ ಮಾತು ಮೊಡೆಸ್ಟಾಳ ಕಿವಿಯಲ್ಲಿನ್ನೂ ಇತ್ತು. ನಾನೀಗ ಹೇಳುವುದಿಲ್ಲ ಮಾರಾಯ, ಟಬ್ಬು ಸರಿ ಬಂದಮೇಲೆ ಸಾರ್ ಸಿಟ್ಟು ಇಳಿದಿರುತ್ತದೆ, ಆಗ ನೀನೇ ಹೇಳು ಎಂದಳು. ಅವನು ತಲೆಯಾಡಿಸಿದ.

ಅವಳು ನವೀನ್‌ಕುಮಾರನ ಮೇಜಿನ ಮುಂದೆ ನಿಂತು, ಅಚ್ಚಿಗೆ ಏನೋ ಪಾಲಿಶ್ ತಾಗಿದೆ, ಐದು ದಿನ ಕೊಡಿ, ಪೂರ್ತಿ ತೆಗೆಯುತ್ತೇನೆ ಎಂದಳು.

‘ಯಾರ ಕೈಯಿಂದ ತಾಗ್ತು?’ ಎಂದು ಕೇಳಿದ.

ಅವನು ಪೆನ್ನಿನ ತುದಿಯಿಂದ ಮೇಜು ಬಡಿಯುತ್ತ ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಅವಳು ಹೆಸರು ಹೇಳುತ್ತಾಳೋ ಇಲ್ಲವೋ ಎಂದು ಕಾಯುವವನ ಹಾಗಿತ್ತು.

‘ನಿಮ್ಮ ಕೋಣೆ, ನಿಮ್ಮ ಬೀಗ. ಹಾಗಾದ್ರೆ ನಿಮ್ಮ ಕೈಯೇ ಅಂತಾಯ್ತು. ಬೀಗದ ಕೈ ಇಲ್ಲಿಡಿ’ ಎಂದ.

ಅವಳು ಬೀಗದ ಕೈಯನ್ನು ಕೊರಳಿಂದ ತೆಗೆಯುವಾಗ ಕಪ್ಪು ದಾರ ಶಿಲುಬೆಗೆ ಸಿಕ್ಕಿಕೊಂಡಿತು. ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವನು ಅಂಗೈ ಚಾಚಿಕೊಂಡೇ ಇದ್ದ.

ಐದು ದಿನ ಅವಳು ಆ ಅಚ್ಚಿನೊಂದಿಗೆ ಗುದ್ದಾಡಿದಳು. ಒಂದು ಬಟ್ಟೆ ಒಂದೇ ಸಲ, ಒಂದೇ ದಿಕ್ಕಿಗೆ. ತಿರುಗಿಸಿ ಒರೆಸಿದರೆ ತೆಗೆದದ್ದನ್ನೇ ಮತ್ತೆ ಹಚ್ಚಿದಂತೆ. ಮೇಣವನ್ನೆಲ್ಲ ಕಿತ್ತು, ನೀರು ಸುರಿದು ನೋಡಿದಳು. ನೀರು ಹನಿಹನಿಯಾಗಿ ಒಡೆದರೆ ಪಸೆ ಇನ್ನೂ ಇದೆ ಎಂದರ್ಥ. ಮತ್ತೆ ಒರೆಸಿದಳು, ಮರಳು ಕಾಗದದಿಂದ ತಿಕ್ಕಿದಳು, ಮತ್ತೆ ನೀರು ಸುರಿದಳು. ನಾಲ್ಕನೇ ದಿನ ನೀರು ಒಡೆಯದೆ ಹಾಳೆಯಂತೆ ಅಚ್ಚಿನ ಮೇಲೆ ನಿಂತಾಗ ಅವಳ ಉಗುರುಗಳ ಸುತ್ತ ಚರ್ಮ ಎದ್ದಿತ್ತು. ಹೊಸದಾಗಿ ಏಳು ಸುತ್ತು ಮೇಣ ಹಾಕಿದಳು. ಬೆಳಿಗ್ಗೆ ಬಾಗಿಲು ತೆಗೆದುಕೊಡುವುದು, ಸಂಜೆ ಬೀಗ ಹಾಕುವುದು ಕುಮಾರನ ಕೆಲಸವಾಗಿತ್ತು. ಅವಳು ಮಾಡುವುದನ್ನೆಲ್ಲ ಅವನು ಪಕ್ಕದಲ್ಲಿ ನಿಂತು ನೋಡಿ ಕಲಿತ. ಕೇಳಿದ್ದಕ್ಕೆಲ್ಲ ಅವಳು ಹೇಳಿಕೊಟ್ಟಳು.

ಮುಂದಿನ ಟಬ್ಬಿನಲ್ಲಿ ಸೂರಿನ ಹಂಚುಗಳನ್ನು ಎಣಿಸಬಹುದಿತ್ತು. ಇಪ್ಪತ್ನಾಲ್ಕೂ ಹಾಗೇ ಬಂದು ಹೊಂಗಡಹಳ್ಳದ ದಾರಿ ಹಿಡಿದವು. ಕೊನೆಯ ಲಾರಿ ಹೋದ ದಿನ ನವೀನ್‌ಕುಮಾರ್ ಎಲ್ಲರಿಗೂ ಲಾಡು ಹಂಚಿ, ಇನ್ನು ಮೇಲೆ ಒಳಕೋಣೆ ಕುಮಾರನದು ಎಂದು ಹೇಳಿ, ಬೀಗದ ಕೈಯನ್ನು ಅವನಿಗೆ ಕೊಟ್ಟ. ಮೊಡೆಸ್ಟಾಳಿಗೆ ವಯಸ್ಸಾಯಿತು, ಫಿನಿಶಿಂಗ್ ಮೇಜಿನಲ್ಲಿ ಕೂತು ತೂತು ಮುಚ್ಚಿ ತಿಕ್ಕುವ ಕೆಲಸ ಮಾಡಲಿ ಎಂದ. ಅವಳು ಕುಮಾರನ ಮುಖ ನೋಡಿದಳು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದಳು. ಅವನು ಲಾಡು ತಿನ್ನುತ್ತ ನೆಲ ನೋಡುತ್ತಿದ್ದ.

ಒಂದು ಭಾನುವಾರ ಪೂಜೆ ಮುಗಿಸಿಕೊಂಡು ಮಹಾದೇವಯ್ಯನವರ ಮನೆಗೆ ಹೋದಳು. ಜಗಲಿಯಲ್ಲಿ ಮಂಡಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಯಜಮಾನರು ಕಾಫಿ ತರಿಸಿದರು, ಡೆಲ್ಸಿಯ ನರ್ಸ್ ಕೆಲಸದ ಬಗ್ಗೆ ವಿಚಾರಿಸಿದರು. ಅವಳು ತನ್ನ ತಲೆಗೆ ಎಣ್ಣೆ ಹಚ್ಚಿರಲಿಲ್ಲ ಎಂಬುದನ್ನಷ್ಟೇ ಹೇಳಿದಳು, ಬೇರೆ ಹೆಸರು ಎತ್ತಲಿಲ್ಲ. ನನಗೆ ಗೊತ್ತಿಲ್ಲವೇ ಬಾಯಮ್ಮ ಎಂದರು ಅವರು. ಆಮೇಲೆ, ಒಂದು ಸಲ ಅವನ ಕೈಗೆ ಕೊಟ್ಟಮೇಲೆ ನಾನು ನಡುವೆ ಬಂದರೆ ಅವನಿಗೆ ಮರ್ಯಾದೆ ಉಳಿಯುವುದಿಲ್ಲ ಎಂದರು. ಅವಳ ಮರ್ಯಾದೆಯ ಮಾತು ಆ ಜಗಲಿಯಲ್ಲಿ ಬರಲೇ ಇಲ್ಲ. ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದಳು.

ತೂತು ಮುಚ್ಚುವ ಕೆಲಸಕ್ಕೆ ಒಂದು ಸೊಗಸಿದೆ, ಅದು ಎಲ್ಲರಿಗೂ ಕಾಣುತ್ತದೆ. ಗಿರಾಕಿ ಎದುರಿಗೇ ನಿಂತು ನೋಡಿ, ಭಲೇ, ಎಲ್ಲಿತ್ತೆಂದೇ ಗೊತ್ತಾಗುವುದಿಲ್ಲ ಎನ್ನುತ್ತಾನೆ. ಇಪ್ಪತ್ತೊಂದು ವರ್ಷ ತೂತೇ ಬೀಳದ ಹಾಗೆ ನೋಡಿಕೊಂಡಾಗ ಯಾವ ಗಿರಾಕಿಯೂ ಹಾಗೆ ಅಂದಿರಲಿಲ್ಲ. ಏನೂ ಆಗದ ಕಡೆ ಹೊಗಳುವುದಕ್ಕೆ ಏನಿರುತ್ತದೆ? ಮೊಡೆಸ್ಟಾಳಿಗೆ ಈ ಹೊಗಳಿಕೆ ಕೇಳಿ ಮೈ ಉರಿಯುತ್ತಿತ್ತು. ಆದರೂ ಒಂದು ಸಮಾಧಾನವನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ತಾನು ಬಾಯಿ ಬಿಡದ್ದರಿಂದ ಒಂದು ಬಸುರಿಯ ಮನೆಯ ಒಲೆ ಉರಿಯುತ್ತಿದೆ, ಕುಮಾರ್ ಹೇಡಿಯಾದರೂ ತಾನು ಮಾಡಿದ್ದು ಸರಿ. ಬೀಗದ ಕೈ ಹೋದ ಜಾಗವನ್ನು ಆ ಸಮಾಧಾನ ಮುಚ್ಚಿತ್ತು.

ಮಾರ್ಚಿನಲ್ಲಿ ಕುಮಾರನ ಮಗುವಿಗೆ ಹೆಸರಿಡುವ ಶಾಸ್ತ್ರವಾಯಿತು. ಮೊಡೆಸ್ಟಾ ತಾನೇ ಹೆಣೆದ ಉಣ್ಣೆಯ ಟೋಪಿ ತೆಗೆದುಕೊಂಡು ಹೋದಳು. ಸ್ನೇಹಾ ಬಾಣಂತಿಯ ಕೋಣೆಯಲ್ಲಿ ಕೂರಿಸಿ, ಮಗುವನ್ನು ಮಡಿಲಿಗೆ ಕೊಟ್ಟು, ಮನಸ್ಸು ತುಂಬಿ ಮಾತಾಡಿದಳು. ಒಳ್ಳೆಯ ಹುಡುಗಿ, ಕಪಟವಿಲ್ಲ. ತನ್ನ ಗಂಡನಿಗೆ ಸಿಕ್ಕ ಧಣಿ ಎಂಥ ದೇವರಂಥ ಮನುಷ್ಯ ಎಂದು ಹೇಳುವುದು ಅವಳ ಉದ್ದೇಶವಾಗಿತ್ತು.

‘ಅವತ್ತು ಸಾರೇ ತಮ್ಮ ಕೈಯಾರೆ ಬಾಟ್ಲಿ ಕೊಟ್ಟು, ಅಚ್ಚಿಗೂ ಒರ್ಸು ಹೊಳೀಲಿ ಅಂದಿದ್ರಂತೆ ಅಕ್ಕ. ಮೊದಲ್ನೇ ಟಬ್ಬು ಕೆಟ್ಟೋಯ್ತಲ್ಲ, ಅವತ್ತು ಸಾಯಂಕಾಲ್ವೇ ಇವ್ರು ಹೆದ್ರಿಕೊಂಡು ಹೋಗಿ, ಆ ಪಾಲಿಶ್‌ದೇ ಇರ್ಬೇಕು ಅಂತ ಹೇಳುದ್ರು. ಒಂದು ಮಾತೂ ಬೈಲಿಲ್ಲ ಕಣಕ್ಕ. ಯಾರ್ಗೂ ಹೇಳ್ಬೇಡ, ನಾನು ನೋಡ್ಕತೀನಿ ಅಂದ್ರು.’

ಮೊದಲನೇ ಟಬ್ಬು. ಅವತ್ತು ಸಂಜೆ. ಮೊಡೆಸ್ಟಾ ಮಗುವಿನ ಬೆನ್ನು ತಟ್ಟುತ್ತಲೇ ಬೆರಳು ಮಡಿಸಿ ದಿನ ಎಣಿಸಿದಳು. ಅದಾದ ಮೇಲೆ ಎರಡನೇ ಟಬ್ಬು. ಅದಾದ ಮೇಲೆ ಸಾಲಾಗಿ ನಿಲ್ಲಿಸಿದ್ದು. ಅದಾದ ಮೇಲೆ ಶಾಂಪೂ ಪ್ಯಾಕೆಟ್. ನಲ್ಲಿಯ ಕೆಳಗೆ ತಾನು ಬಗ್ಗಿ ಕೂತಾಗ ಆ ಅಂಗಳದಲ್ಲಿ ಇಬ್ಬರಿಗೆ ಎಲ್ಲವೂ ಗೊತ್ತಿತ್ತು. ಒಬ್ಬ ನೋಡುತ್ತ ನಿಂತಿದ್ದ, ಇನ್ನೊಬ್ಬ ಗೋಡೆಗೆ ಮುಖ ಮಾಡಿದ್ದ. ಯಾರನ್ನು ಕಾಪಾಡುತ್ತೇನೆಂದು ಬಾಯಿ ಮುಚ್ಚಿಕೊಂಡು ಕೊರಳ ಬೀಗದ ಕೈ ಬಿಚ್ಚಿ ಕೊಟ್ಟಳೋ ಅವನಿಗೆ ಯಾವ ಅಪಾಯವೂ ಇರಲೇ ಇಲ್ಲ.

ಬಾಗಿಲಲ್ಲಿ ಕುಮಾರ್ ಪಾಯಸದ ಬಟ್ಟಲು ಹಿಡಿದು ನಿಂತಿದ್ದ. ಹೆಂಡತಿ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು, ಮುಖ ಸತ್ತುಹೋಗಿತ್ತು. ಮೊಡೆಸ್ಟಾ ಬಟ್ಟಲು ತೆಗೆದುಕೊಂಡು ಪಾಯಸ ಪೂರ್ತಿ ತಿಂದಳು. ಮಗುವಿನ ತಲೆಗೆ ಟೋಪಿ ಹಾಕಿ, ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿ ಎದ್ದಳು. ಮಗುವಿನ ಮೇಲೆ ಅವಳಿಗೇನು ಕೋಪ?

ದಾರಿಯಲ್ಲಿ ಅಂಗಡಿಯಲ್ಲಿ ಒಂದು ಬಾಟಲಿ ತೆಂಗಿನೆಣ್ಣೆ ತೆಗೆದುಕೊಂಡಳು. ಮನೆಯ ಹಿತ್ತಲಲ್ಲಿ ಕೂತು ಬಿಸಿಲಿಗೆ ಬೆನ್ನು ಕೊಟ್ಟು, ಅಂಗೈ ತುಂಬ ಸುರಿದು ನೆತ್ತಿಗೆ ತಟ್ಟಿದಳು. ವಾಸನೆಗೆ ಅಪ್ಪ, ಅಮ್ಮ, ಉಳ್ಳಾಲದ ಮನೆಯ ಬಚ್ಚಲೊಲೆ ಎಲ್ಲ ಒಟ್ಟಿಗೆ ನೆನಪಾಯಿತು. ಬೇರು ಬೇರಿಗೂ ಇಳಿಯುವ ಹಾಗೆ ತಿಕ್ಕಿದಳು. ಮಾರನೇ ದಿನದಿಂದ ಬಿಗಿಯಾದ ಜಡೆ, ಮಿರಮಿರ ಮಿಂಚುವ ಬೈತಲೆ. ಹಿಂದಿನ ಬೆಂಚಿನ ಹೆಂಗಸರು, ಅಂತೂ ಹರಕೆ ತೀರಿತು ಎಂದುಕೊಂಡರು.

ಜೂನ್ ಬಂತು. ಮಂಜು ಶೆಡ್ಡಿನೊಳಕ್ಕೇ ಬಂದು ಕೂರುವ ಕಾಲ. ಕೆ. ಹೊಸಕೋಟೆಯ ಕಡೆಯಿಂದ ಇಪ್ಪತ್ತು ಬಾಗಿಲಿನ ಅವಸರದ ಆರ್ಡರ್ ಇತ್ತು. ಕುಮಾರನಿಗೆ ಅಚ್ಚು ತೊಳೆಯುವುದು, ಮೇಣ ತಿಕ್ಕುವುದು ಎಲ್ಲ ಬರುತ್ತಿತ್ತು. ಬೇಡ ಎನ್ನುವುದು ಬರುತ್ತಿರಲಿಲ್ಲ. ಹೊಡಿ ಎಂದಾಗ ಹೊಡೆಯುತ್ತಿದ್ದ, ಮಂಜಿದ್ದರೂ ಹೊಡೆಯುತ್ತಿದ್ದ. ಆರು ಬಾಗಿಲು ಒಂದರ ಹಿಂದೊಂದು ಸುಕ್ಕುಗಟ್ಟಿ ಬಂದವು. ಅವಳ ಮೇಜಿಗೆ ತಂದು ಒರಗಿಸಿದರು. ಅವು ಮುಚ್ಚಿ ತಿಕ್ಕಿ ಸರಿಹೋಗುವಂಥವಲ್ಲ ಎಂದು ಅವಳು ಹೇಳಿಕಳಿಸಿದಳು.

ಮಧ್ಯಾಹ್ನ ನವೀನ್‌ಕುಮಾರ್ ತಾನೇ ಬಂದ. ಕೈಯಲ್ಲಿ ಅದೇ ಬೀಗದ ಕೈ, ಅದೇ ಕಪ್ಪು ದಾರ. ಅದನ್ನು ಮೇಜಿನ ಮೇಲೆ, ಅವಳ ಕೈಗೆ ಎಟುಕುವ ಹಾಗೆ ಇಟ್ಟು, ಮೆತ್ತಗಿನ ದನಿಯಲ್ಲಿ, ಹಿಂದಿನದೆಲ್ಲ ಬಿಟ್ಟುಬಿಡೋಣ, ಒಳಗೆ ಬಂದು ಒಮ್ಮೆ ನೋಡಿ, ನಾಳೆಯಿಂದ ಕೋಣೆ ನಿಮ್ಮದೇ ಎಂದ.

ಮೊಡೆಸ್ಟಾ ಬೀಗದ ಕೈ ನೋಡಿದಳು. ಎಷ್ಟು ಬೇಕಾಗಿತ್ತು ಅದು ಅವಳಿಗೆ ಎಂಬುದು ಆ ಗಳಿಗೆಯಲ್ಲಿ ಅವಳಿಗೇ ಹೆದರಿಕೆ ಹುಟ್ಟಿಸಿತು. ಎಂಟು ತಿಂಗಳಾದರೂ ಕೈ ತಾನಾಗಿ ಕೊರಳಿಗೆ ಹೋಗಿ ಹುಡುಕುತ್ತಿತ್ತು. ಅವಳು ಸೆರಗು ಸರಿಸಿ, ಅವನ ಎದುರಿಗೆ ತಲೆ ಬಗ್ಗಿಸಿದಳು.

‘ಎಣ್ಣೆ ಐತೆ ಸಾರ್. ಒಳಗೆ ಬರೋ ಹಂಗಿಲ್ಲ’ ಎಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, ಅದಕ್ಕೇನಂತೆ, ತೊಳೆದುಕೊಂಡರಾಯಿತು ಎಂದ.

‘ಹಚ್ಚದೇ ಇದ್ದಾಗ ನಿಮ್ಮ ಮುಂದೆ ತೊಳ್ದಿದೀನಿ. ಪಾಲಿಶ್ ಬಾಟ್ಲಿ ಯಾರು ಕೊಟ್ರು ಅಂತ ನಿಮ್ಗೆ ಗೊತ್ತಿತ್ತು, ತೊಳೀಲಿ ಅಂತ ನಿಂತು ನೋಡಿದ್ರಿ. ಹಚ್ಚಿದ ಮೇಲೆ ತೊಳೆಯಲ್ಲ.’

ಅವನು ಬೀಗದ ಕೈ ಎತ್ತಿಕೊಂಡು ಹೋದ. ಶೆಡ್ಡಿನ ಕೊನೆಯಲ್ಲಿ ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಂಜು ಯಾರನ್ನೂ ಕೇಳದೆ ಒಳಗೆ ಹೋಗುತ್ತಿತ್ತು. ಆ ಬಾಗಿಲಿನಿಂದ ಬರುವ ವಾಸನೆಯಲ್ಲೇ, ಮಂಕು ಬೆಳಕಿನಲ್ಲೇ ಮೊಡೆಸ್ಟಾಳಿಗೆ ಎಲ್ಲ ತಿಳಿದುಹೋಗಿತ್ತು. ನಾಲ್ಕು ಬಲ್ಬಿನಲ್ಲಿ ಎರಡು ಉರಿಯುತ್ತಿಲ್ಲ, ಜೆಲ್‌ಕೋಟ್ ಇನ್ನೂ ಗಟ್ಟಿಯಾಗಿಲ್ಲ, ಕುಮಾರ್ ಮ್ಯಾಟ್ ಹಾಸಲು ಹೊರಟಿದ್ದಾನೆ. ಇನ್ನೊಂದು ಗಂಟೆ ತಡಿ ಮಾರಾಯ ಎಂದು ಇಲ್ಲಿಂದಲೇ ಕೂಗಿದ್ದರೂ ಸಾಕಿತ್ತು, ಏಳನೇ ಬಾಗಿಲು ಉಳಿಯುತ್ತಿತ್ತು. ಅವಳ ಇಡೀ ಜೀವಮಾನದಲ್ಲಿ ಕೆಡುವುದು ಗೊತ್ತಿದ್ದೂ ಸುಮ್ಮನೆ ಕೂತದ್ದು ಅದೇ ಮೊದಲು. ಅಪ್ಪ ನೋಡುತ್ತಿದ್ದರೆ ಏನನ್ನುತ್ತಿದ್ದನೋ ಅನ್ನಿಸಿ ಕಣ್ಣು ಹನಿಗೂಡಿತು. ಮರಳು ಕಾಗದವನ್ನು ನೀರಿನಲ್ಲಿ ಅದ್ದಿ, ಮುಂದಿದ್ದ ಬಾಗಿಲನ್ನು ತಿಕ್ಕತೊಡಗಿದಳು.